ಚಿತ್ತವಿಭ್ರಮವೂ ಸತಿಪತಿಧರ್ಮವೂ

ಶಿವಶರಣರು ಸಂಸಾರವನ್ನು ತ್ಯಾಜ್ಯವೆಂದು ಬಗೆಯಲಿಲ್ಲ. ಮನೆಯೇ ಅವರಿಗೆ ಸಾಧನೆಯ ನೆಲೆಯಾಗಿತ್ತು; ದಾಂಪತ್ಯದ ಏಕಭಾವವನ್ನು ಅವರು ಭಕ್ತಿಯ ಒಂದು ಅಂಗವಾಗಿಯೇ ಎಣಿಸಿದರು. ಜೇಡರ ದಾಸಿಮಯ್ಯನಿಗೆ ದುಗ್ಗಳೆ, ಮೋಳಿಗೆಯ ಮಾರಯ್ಯನಿಗೆ ಮಹಾದೇವಿಯಮ್ಮ, ಆಯ್ದಕ್ಕಿ ಮಾರಯ್ಯನಿಗೆ ಲಕ್ಕಮ್ಮ, ಹೀಗೆ ಶರಣರ ಚರಿತೆಗಳು ಜೋಡಿ ಹೆಸರುಗಳಿಂದ ತುಂಬಿವೆ. ಇವನ್ನು ಮಠದ ಅನುಭಾವಗೋಷ್ಠಿಗಳಲ್ಲಿ ಕೇಳುವ ಗೃಹಸ್ಥರಲ್ಲಿ ಕೆಲವರ ಮನಸ್ಸಿನಲ್ಲಿ ಮಾತ್ರ ಬಾಯಿಬಿಟ್ಟು ಹೇಳಲಾಗದ ಒಂದು ಪ್ರಶ್ನೆ ಉಳಿದಿರುತ್ತದೆ. ಇಬ್ಬರಲ್ಲಿ ಒಬ್ಬರ ಚಿತ್ತವೇ ಅವರ ಅಧೀನದಲ್ಲಿಲ್ಲದಿರುವಾಗ ಇನ್ನೊಬ್ಬರು ಯಾರೊಡನೆ ಏಕಭಾವವನ್ನು ಹೊಂದಬೇಕು? ನಿನ್ನೆ ಪ್ರೀತಿಯಿಂದ ಮಾತನಾಡಿದವರೊಡನೆಯೇ, ಇಂದು ಕೆರಳಿ ನಿಂತವರೊಡನೆಯೇ, ನಾಳೆ ಗೋಡೆಯ ಕಡೆಗೆ ಮುಖಮಾಡಿ ಮಲಗುವವರೊಡನೆಯೇ?

ಇದು ತರ್ಕಕ್ಕಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. ಇಂದಿನ ವೈದ್ಯರು ಬೈಪೋಲಾರ್ ಎಂದು ಕರೆಯುವ, ಕನ್ನಡದಲ್ಲಿ ದ್ವಿಧ್ರುವ ಮನೋರೋಗವೆಂದು ಬರೆಯುವ ಕಾಯಿಲೆಯುಳ್ಳವರ ಸಂಗಾತಿಗಳು ದಿನದಿನವೂ ಎದುರಿಸುವ ಪ್ರಶ್ನೆ. ಉನ್ಮಾದವೂ ಖಿನ್ನತೆಯೂ ಎರಡು ರೋಗಗಳಲ್ಲ, ಒಂದೇ ರೋಗದ ಎರಡು ಮುಖಗಳು ಎಂಬುದನ್ನು ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್ ೧೮೯೯ರಲ್ಲಿ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಉನ್ಮಾದದ ಕಾಲದಲ್ಲಿ ನಿದ್ರೆ ಕಡಿಮೆಯಾಗುತ್ತದೆ, ಆದರೂ ಆಯಾಸ ತೋರುವುದಿಲ್ಲ, ಮಾತು ಮಾತನ್ನು ಅಟ್ಟಿಕೊಂಡು ಬರುತ್ತದೆ, ತನ್ನಿಂದಾಗದ ಕಾರ್ಯವಿಲ್ಲವೆಂದು ತೋರುತ್ತದೆ, ಹಣ ನೀರಾಗುತ್ತದೆ. ಇದು ವಾರಕ್ಕೆ ಕಡಿಮೆಯಿಲ್ಲದೆ, ಚಿಕಿತ್ಸೆಯಿಲ್ಲದಿದ್ದರೆ ತಿಂಗಳುಗಟ್ಟಲೆ ನಡೆಯಬಹುದು. ಖಿನ್ನತೆಯ ಕಾಲ ಸಾಮಾನ್ಯವಾಗಿ ಇದಕ್ಕಿಂತ ದೀರ್ಘ. ಈ ಎರಡರ ನಡುವೆ ಅನೇಕರಿಗೆ ತಿಂಗಳುಗಳ, ವರ್ಷಗಳ ಸ್ವಸ್ಥಕಾಲವಿರುತ್ತದೆ. ಆಗ ಅವರು ಎಲ್ಲರಂತೆ ದುಡಿಯುತ್ತಾರೆ, ಯೋಚಿಸುತ್ತಾರೆ, ಮಕ್ಕಳಿಗೆ ಪಾಠ ಹೇಳುತ್ತಾರೆ. ಮುಂದಿನ ವಿಚಾರಕ್ಕೆಲ್ಲ ಈ ಸ್ವಸ್ಥಕಾಲವೇ ಆಧಾರವಾದುದರಿಂದ ವಾಚಕರು ಅದನ್ನು ಮರೆಯಬಾರದು.

ನಮ್ಮ ನಾಡಿನ ಪೂರ್ವಾಚಾರ್ಯರಿಗೂ ಈ ವಿಷಯ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ನಿದಾನಸ್ಥಾನವು ಉನ್ಮಾದವನ್ನು ಎಂಟು ವಿಷಯಗಳ ವಿಭ್ರಮವೆಂದು ವಿವರಿಸುತ್ತದೆ. ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬುವೇ ಆ ಎಂಟು. ಇಲ್ಲಿ ಭಕ್ತಿಯೆಂದರೆ ಒಲವು, ಇಚ್ಛೆ ಎಂದರ್ಥ. ವೀರಶೈವರು ಬಳಸುವ ಅರ್ಥದ ಭಕ್ತಿಯಲ್ಲ. ಆದರೂ ಭಕ್ತಿ, ಶೀಲ, ಆಚಾರಗಳೆಂಬ ಮೂರು ಪದಗಳು ಒಂದು ರೋಗದ ಲಕ್ಷಣದಲ್ಲಿ ಒಟ್ಟಿಗೆ ಬಂದಿರುವುದು ಶರಣಧರ್ಮವನ್ನು ಆಚರಿಸುವವರು ನಿಂತು ನೋಡಬೇಕಾದ ಸಂಗತಿ. ಮನುಷ್ಯನ ನಡತೆಯನ್ನು ಅಳೆಯಲು ಯಾವುದನ್ನು ಅಳತೆಗೋಲಾಗಿ ಹಿಡಿಯುತ್ತೇವೆಯೋ ಅದನ್ನೇ ಈ ವ್ಯಾಧಿ ಅಲುಗಿಸುತ್ತದೆಂದು ವೈದ್ಯಶಾಸ್ತ್ರ ಹೇಳುತ್ತಿದೆ. ಎಂದೂ ಕೆಟ್ಟ ಮಾತಾಡದವನ ಬಾಯಲ್ಲಿ ಕೆಟ್ಟ ಮಾತು ಬಂದರೆ, ಪರಧನವನ್ನು ಮುಟ್ಟದವನು ಸಾಲದ ಮೇಲೆ ಸಾಲ ಮಾಡಿದರೆ, ಅದನ್ನು ಅವನ ಶೀಲದ ಬಯಲಾಗುವಿಕೆ ಎನ್ನಬೇಕೇ, ಶೀಲಕ್ಕೆ ಬಂದ ಜ್ವರ ಎನ್ನಬೇಕೇ? ಊರ ಜನ ಮೊದಲನೆಯದನ್ನೇ ಹೇಳುತ್ತಾರೆ. ಅಥವಾ ಗಾಳಿ ಸೋಂಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ. ದೇವತೆಗಳಾಗಲಿ ಪಿಶಾಚಗಳಾಗಲಿ ತಾವಾಗಿ ಬಂದು ಮನುಷ್ಯನನ್ನು ಪೀಡಿಸುವುದಿಲ್ಲವೆಂದು ಚರಕನೇ ಅದೇ ಅಧ್ಯಾಯದಲ್ಲಿ ಹೇಳಿದ್ದಾನೆ. ಆದರೆ ಅವನು ದೋಷವನ್ನು ಆತುರನ ಪ್ರಜ್ಞಾಪರಾಧದ ಮೇಲೆ ಹೊರಿಸಿರುವುದನ್ನು ಇಂದಿನ ತಿಳಿವಳಿಕೆಯಿಂದ ಪೂರ್ತಿಯಾಗಿ ಒಪ್ಪಲಾಗದು. ಈ ರೋಗವು ವಂಶದಲ್ಲಿ ಹರಿದುಬರುವುದು, ಬಹುಮಟ್ಟಿಗೆ ಹರೆಯದಲ್ಲಿಯೇ ತಲೆಯೆತ್ತುವುದು. ಅದನ್ನು ಯಾರೂ ಕರೆದು ತಂದುಕೊಂಡಿರುವುದಿಲ್ಲ.

ವಿಚಾರ ಗಾಳಿಯಲ್ಲಿ ನಿಲ್ಲಬಾರದೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಾಲ್ಲೂಕು ಪಟ್ಟಣದಲ್ಲಿ ಜವಳಿ ಅಂಗಡಿಯಿರುವ ಗೃಹಸ್ಥ. ಲೆಕ್ಕದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಮಿತ. ಒಂದು ಬೇಸಗೆಯಲ್ಲಿ ಅವನು ರಾತ್ರಿ ಮೂರು ಗಂಟೆಗೆ ಎದ್ದು ಸ್ನಾನಮಾಡಿ ಲಿಂಗಪೂಜೆಗೆ ಕುಳಿತುಕೊಳ್ಳತೊಡಗುತ್ತಾನೆ. ಮನೆಯವರಿಗೆ ಸಂತೋಷವಾಗುತ್ತದೆ. ವಾರದೊಳಗೆ ಇನ್ನೂ ಮೂರು ಊರುಗಳಲ್ಲಿ ಅಂಗಡಿ ತೆರೆಯುವ ಮಾತು, ಹೊಲದ ಮೇಲೆ ಸಾಲ, ದಾರಿಹೋಕರನ್ನೆಲ್ಲ ಕರೆತಂದು ಊಟಕ್ಕೆ ಕೂರಿಸುವುದು, ಕೊನೆಗೆ ಮಠಕ್ಕೆ ಬೆಳ್ಳಿಯ ಪಲ್ಲಕ್ಕಿ ಮಾಡಿಸಿಕೊಡುವ ವಾಗ್ದಾನ. ಹೆಂಡತಿ ತಡೆದರೆ, ‘ಶಿವನ ಅಪ್ಪಣೆಗೆ ಅಡ್ಡ ಬರುತ್ತೀಯಾ?’ ಎಂಬ ಗದರಿಕೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಮನುಷ್ಯ ಹಾಸಿಗೆ ಬಿಟ್ಟು ಏಳಲಾರ, ಸ್ನಾನವಿಲ್ಲ, ವಿಭೂತಿಯಿಲ್ಲ. ಮೊದಲು ಅವನನ್ನು ಮಹಾಭಕ್ತನೆಂದವರೇ ಈಗ ಭ್ರಷ್ಟನೆನ್ನುತ್ತಾರೆ. ಎರಡು ಮಾತೂ ತಪ್ಪೆಂದು ತಿಳಿದಿರುವವಳು ಆ ಮನೆಯಲ್ಲಿ ಒಬ್ಬಳೇ.

ಅನುಭಾವದ ಪರವಶತೆಯನ್ನೂ ಈ ಉನ್ಮಾದವನ್ನೂ ಕಲಸುವವರು ನಮ್ಮಲ್ಲಿ ಹಲವರಿದ್ದಾರೆ. ಅಕ್ಕಮಹಾದೇವಿ ಲೋಕದ ಕಣ್ಣಿಗೆ ಹುಚ್ಚಿಯಂತೆ ತೋರಿದಳು, ನಿಜ. ಆದರೆ ಕಲ್ಯಾಣದಲ್ಲಿ ಪ್ರಭುದೇವರು ಅವಳನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲವೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು, ಅವಳು ಒಂದೊಂದಕ್ಕೂ ನಿಂತು ಉತ್ತರ ಕೊಟ್ಟಳು. ಪ್ರಶ್ನೆಯನ್ನು ತಾಳಲಾರದ, ತಡೆದವರ ಮೇಲೆ ಕೆರಳುವ, ನಿದ್ರೆಯನ್ನೂ ಅನ್ನವನ್ನೂ ಮರೆತು ಓಡುವ ಉತ್ಸಾಹವನ್ನು ಕಂಡು ಕೈಮುಗಿಯುವ ಬದಲು ವೈದ್ಯನಲ್ಲಿಗೆ ಕರೆದೊಯ್ಯುವುದೇ ಲೇಸು. ಬೆಳ್ಳಿಯ ಪಲ್ಲಕ್ಕಿಯ ವಿಷಯದಲ್ಲಿ ಮಠಗಳಿಗೂ ಒಂದು ಮಾತು ಸಲ್ಲುತ್ತದೆ. ಮನೆಯವರು ಬಂದು ಇಂಥ ದಾನವು ರೋಗದ ಕಾಲದ್ದೆಂದು ತಿಳಿಸಿದರೆ, ಅದನ್ನು ಹಿಂದಿರುಗಿಸಬೇಕು. ಸ್ವಸ್ಥನಾದ ಮೇಲೆ ಅವನು ಕೊಡಬಯಸಿದರೆ ಕೊಡಲಿ.

ಇನ್ನು ಆ ಹೆಂಡತಿಯ ಧರ್ಮವೇನು? ಹಿರಿಯರು ಹೇಳುವ ಉತ್ತರ ಒಂದೇ, ಸಹಿಸಿಕೋ ಎಂದು. ಸಹನೆ ದೊಡ್ಡ ಗುಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗಂಡನು ಹೊಲವನ್ನು ಒತ್ತೆಯಿಡಲು ಹೊರಟಾಗ ಸುಮ್ಮನೆ ಕಾಗದಕ್ಕೆ ರುಜು ಹಾಕುವುದು ಸಹನೆಯೋ, ಅವನನ್ನು ಕೈಬಿಡುವುದೋ? ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ದಾರಿ ತೋರಿಸಬಲ್ಲದು. ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಆ ಅಕ್ಕಿಯಿಂದ ಜಂಗಮದಾಸೋಹ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಗಂಡನ ಅಧಿಕಕ್ಕೆ ತಡೆಹಾಕುವುದು ಸತಿಧರ್ಮಕ್ಕೆ ವಿರುದ್ಧವೆಂದು ಯಾವ ಶರಣನೂ ಹೇಳಲಿಲ್ಲ, ಅವಳನ್ನು ಕೊಂಡಾಡಿದರು.

ಆದರೆ ಈ ದೃಷ್ಟಾಂತವನ್ನು ಇದ್ದಂತೆಯೇ ಎತ್ತಿ ಇಲ್ಲಿಡುವಂತಿಲ್ಲ. ಮಾರಯ್ಯನು ಸ್ವಸ್ಥನು. ಹೇಳಿದ್ದನ್ನು ಕೇಳುವ ಕಿವಿ ಅವನಿಗಿತ್ತು, ಕೇಳಿ ಹಿಂದಿರುಗಿದನು. ಉನ್ಮಾದದಲ್ಲಿರುವವನಿಗೆ ಆ ಕಿವಿಯೇ ಇಲ್ಲ. ತನಗೆ ರೋಗವಿದೆಯೆಂಬ ಅರಿವನ್ನೇ ಈ ರೋಗ ಮೊದಲು ಕಸಿದುಕೊಳ್ಳುತ್ತದೆ. ಆಗ ವಾದಿಸುವುದರಿಂದ ಕೆರಳಿಕೆ ಹೆಚ್ಚುವುದಲ್ಲದೆ ಬೇರೆ ಫಲವಿಲ್ಲ. ಆದ್ದರಿಂದ ಲಕ್ಕಮ್ಮನಾಡಿದಂಥ ಮಾತನ್ನು ಸ್ವಸ್ಥಕಾಲದಲ್ಲಿಯೇ ಆಡಬೇಕು. ಅದೂ ಹೆಂಡತಿಯೊಬ್ಬಳೇ ಅಲ್ಲ, ಇಬ್ಬರೂ ಕೂಡಿ. ‘ನಾನು ಎರಡು ರಾತ್ರಿ ನಿದ್ರೆಯಿಲ್ಲದೆ ಕಳೆದರೆ ವೈದ್ಯರಿಗೆ ಹೇಳು. ಬ್ಯಾಂಕಿನ ಪುಸ್ತಕವನ್ನು ತಮ್ಮನಿಗೆ ಕೊಡು. ನಾನು ಬೇಡವೆಂದು ಕೂಗಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು’ ಎಂದು ಗಂಡನೇ ತಿಳಿವಿನಲ್ಲಿದ್ದಾಗ ಹೇಳಿಟ್ಟರೆ, ಮುಂದೆ ಆಕೆ ತಡೆಯುವಾಗ ಅವನ ಮಾತನ್ನು ಮೀರುತ್ತಿಲ್ಲ, ಅವನ ಮಾತನ್ನೇ ನಡೆಸುತ್ತಿದ್ದಾಳೆ. ಏಕಭಾವ ಯಾರೊಡನೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ತಿಳಿವಿನಲ್ಲಿದ್ದು ಮಾತು ಕೊಟ್ಟವನೊಡನೆ. ಭಾರತದ ಕಾನೂನೂ ಇದಕ್ಕೆ ಎಡೆಮಾಡಿದೆ. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದಂತೆ, ಮುಂದೆ ಮನೋರೋಗ ಬಾಧಿಸಿದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ವಯಸ್ಕನಾದ ಯಾರೇ ಆಗಲಿ ಮುಂಚೆಯೇ ಬರೆದಿಡಬಹುದು. ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನೂ ಹೆಸರಿಸಬಹುದು.

ಇಷ್ಟಕ್ಕೇ ನಿಂತರೆ ಧರ್ಮದ ಅರ್ಧವನ್ನು ಮಾತ್ರ ಹೇಳಿದಂತಾಯಿತು. ಉಳಿದರ್ಧ ಹೆಚ್ಚು ಕಠಿಣ. ರೋಗ ಇಳಿದ ಮೇಲೆ ಬೀಗದ ಕೈಯನ್ನು ಹಿಂದಕ್ಕೆ ಕೊಡಬೇಕು. ಆರು ತಿಂಗಳು ಅಂಗಡಿ, ಹಣ, ಔಷಧ, ಬಂದುಹೋಗುವವರು ಎಲ್ಲವನ್ನೂ ನೋಡಿಕೊಂಡ ಸಂಗಾತಿಗೆ ಅದು ಸುಲಭವಲ್ಲ. ಭಯವಿರುತ್ತದೆ, ಅದಕ್ಕೆ ಕಾರಣವೂ ಇರುತ್ತದೆ. ಆದರೆ ಭಯದ ಜೊತೆಯಲ್ಲಿ ಇನ್ನೊಂದು ನುಸುಳಿ ಬರುತ್ತದೆ, ‘ನಾನಿಲ್ಲದಿದ್ದರೆ ಈತ ಏನಾಗುತ್ತಿದ್ದ’ ಎಂಬ ಕರ್ತೃತ್ವದ ಅಹಂ. ಶರಣರು ದಾನವನ್ನೂ ದಾಸೋಹವನ್ನೂ ಬೇರ್ಪಡಿಸಿದುದು ಇದಕ್ಕಾಗಿಯೇ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಮಾಡುವವನೇ ದಾಸ. ಕಾಯಿಲೆಯ ಸಂಗಾತಿಯನ್ನು ಸಲಹುವ ಕೆಲಸ ಎಷ್ಟು ಬೇಗ ದಾನವಾಗಿ ಬಿಡುತ್ತದೆಂದರೆ, ಮಾಡುವವರಿಗೇ ಅದು ತಿಳಿಯದು. ಗಂಡ ಜೋರಾಗಿ ನಕ್ಕರೆ ‘ಮಾತ್ರೆ ತೆಗೆದುಕೊಂಡಿರಾ?’ ಎಂಬ ಪ್ರಶ್ನೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಸಿಡುಕಿದರೆ ‘ಮತ್ತೆ ಶುರುವಾಯಿತು’ ಎಂಬ ನಿಟ್ಟುಸಿರು. ಎಲ್ಲರಿಗೂ ಇರುವ ಸಿಟ್ಟು, ಸಂತೋಷಗಳ ಹಕ್ಕು ಅವನೊಬ್ಬನಿಗೆ ಇಲ್ಲವಾಗುತ್ತದೆ. ಉಪ್ಪು ನಿಜವಾಗಿಯೂ ಹೆಚ್ಚಾಗಿರಬಹುದಲ್ಲವೇ?

ಈ ತೊಡಕು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಆಂಗ್ಲ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಮತ್ತು ಅವಳ ಪತಿ ಲೆನಾರ್ಡ್ ವುಲ್ಫರ ದಾಂಪತ್ಯ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಅವರ ವಿವಾಹವಾದುದು ೧೯೧೨ರಲ್ಲಿ. ಮರುವರ್ಷವೇ ಅವಳು ಪ್ರಾಣ ಕಳೆದುಕೊಳ್ಳಲು ಯತ್ನಿಸಿದಳು. ವೈದ್ಯರು ಆಗ ಅದನ್ನು ನರದೌರ್ಬಲ್ಯವೆಂದರು. ಉನ್ಮಾದ-ಖಿನ್ನತೆಯ ರೋಗವೇ ಅದೆಂಬುದು ಲೆನಾರ್ಡನ ಅಭಿಪ್ರಾಯ, ತನ್ನ ಆತ್ಮಕಥೆಯಲ್ಲಿ ಹಾಗೆ ಬರೆದಿದ್ದಾನೆ. ಅವಳ ನಿದ್ರೆ, ಆಹಾರ, ವಿಶ್ರಾಂತಿಗಳ ಮೇಲೆ ಅವನ ಕಣ್ಣು ಸದಾ ಇರುತ್ತಿತ್ತು. ಆರೋಗ್ಯದ ವಿವರಗಳನ್ನು ದಿನಚರಿಯಲ್ಲಿ ಗುರುತುಹಾಕುತ್ತಿದ್ದನು. ೧೯೧೭ರಲ್ಲಿ ದಂಪತಿಗಳು ಒಂದು ಚಿಕ್ಕ ಕೈಮುದ್ರಣಯಂತ್ರವನ್ನು ಕೊಂಡು ತಂದರು. ಬರವಣಿಗೆಯಿಂದ ದಣಿದ ಮನಸ್ಸಿಗೆ ಕೈಕೆಲಸ ಹಿತವಾದೀತೆಂಬುದು ಅವನ ಆಲೋಚನೆಯಾಗಿತ್ತು. ಅವಳು ಅಚ್ಚುಮೊಳೆ ಜೋಡಿಸಿದಳು. ಹೋಗಾರ್ತ್ ಪ್ರೆಸ್ ಎಂಬ ಹೆಸರಾಂತ ಪ್ರಕಾಶನ ಸಂಸ್ಥೆ ಹುಟ್ಟಿದುದು ಹೀಗೆ. ಕಾಯಕವೆಂಬ ಶಬ್ದವನ್ನು ಕೇಳದವರು ಕಂಡುಕೊಂಡ ಕಾಯಕವಿದು. ಅವನು ಅವಳನ್ನು ರಕ್ಷಿಸಿದನೋ, ಕಟ್ಟಿಹಾಕಿದನೋ ಎಂದು ವಿಮರ್ಶಕರು ಇಂದಿಗೂ ವಾದಿಸುತ್ತಾರೆ. ಮಕ್ಕಳು ಬೇಡವೆಂಬ ತೀರ್ಮಾನದಲ್ಲಿ ವೈದ್ಯರ ಮತ್ತು ಅವನ ಮಾತೇ ಮೇಲಾಯಿತು, ಅದು ಅವಳ ಮನಸ್ಸಿನಲ್ಲಿ ನೋವಾಗಿ ಉಳಿಯಿತು. ಅವಳ ಒಂಬತ್ತು ಕಾದಂಬರಿಗಳೂ ಪ್ರಕಟವಾದುದು ಆ ದಾಂಪತ್ಯದ ಕಾಲ ಮತ್ತು ಅದರ ಅಂಚಿನಲ್ಲಿ ಎಂಬುದೂ ಅಷ್ಟೇ ಸತ್ಯ. ೧೯೪೧ರ ಮಾರ್ಚಿನಲ್ಲಿ ರೋಗ ಮರುಕಳಿಸುತ್ತಿದೆಯೆಂಬ ಭೀತಿಯಿಂದ ಅವಳು ಪ್ರಾಣ ಬಿಟ್ಟಳು. ತನ್ನ ಬಾಳಿನ ಸುಖಕ್ಕೆಲ್ಲ ಪತಿಯೇ ಕಾರಣನೆಂದು ಅವನಿಗೆ ಬರೆದಿಟ್ಟಿದ್ದಳು. ಮೂವತ್ತು ವರ್ಷಗಳಿಗೆ ಸಮೀಪದ ಸೇವೆಯೂ ಕೊನೆಗೆ ಉಳಿಸಿಕೊಳ್ಳಲಾರದೆ ಹೋಗಬಹುದು. ಅದು ಸೇವೆಯಲ್ಲಿ ಕೊರತೆಯಿತ್ತೆಂಬುದಕ್ಕೆ ಸಾಕ್ಷಿಯಲ್ಲ.

ಆ ದಂಪತಿಗಳಿಗಿಲ್ಲದ ಔಷಧಗಳು ಇಂದಿನವರಿಗಿವೆ. ಲಿಥಿಯಂ ಎಂಬ ಲವಣವು ಉನ್ಮಾದವನ್ನು ಶಮನಗೊಳಿಸುತ್ತದೆಂದು ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ೧೯೪೯ರಲ್ಲಿ ಪ್ರಕಟಿಸಿದನು. ಇಂದಿಗೂ ಅದು ಈ ರೋಗದ ಮುಖ್ಯ ಔಷಧಗಳಲ್ಲೊಂದು. ಇದರ ವಿಷಯದಲ್ಲಿ ವ್ರತನಿಯಮಗಳುಳ್ಳ ಮನೆಗಳು ತಿಳಿದಿರಲೇಬೇಕಾದ ಸಂಗತಿಯಿದೆ. ರಕ್ತದಲ್ಲಿ ಲಿಥಿಯಂ ಸ್ವಲ್ಪ ಕಡಿಮೆಯಾದರೆ ನಿಷ್ಫಲ, ಸ್ವಲ್ಪ ಹೆಚ್ಚಾದರೆ ವಿಷ. ಆದ್ದರಿಂದಲೇ ಆಗಾಗ ರಕ್ತಪರೀಕ್ಷೆ. ದೇಹದಲ್ಲಿ ನೀರೂ ಉಪ್ಪೂ ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ನಿರ್ಜಲ ಉಪವಾಸ, ಉಪ್ಪು ಬಿಡುವ ವ್ರತ, ಬಿಸಿಲಿನಲ್ಲಿ ನೀರಿಲ್ಲದೆ ಜಾತ್ರೆಗೆ ನಡೆಯುವುದು, ವಾಂತಿಭೇದಿಯನ್ನು ಅಲಕ್ಷಿಸುವುದು ಇವೆಲ್ಲ ಇಂಥವರಿಗೆ ಅಪಾಯ. ನೋವಿಗೆಂದು ಅಂಗಡಿಯಿಂದ ತಾವಾಗಿ ಕೊಳ್ಳುವ ಕೆಲವು ಮಾತ್ರೆಗಳೂ ಹಾಗೆಯೇ. ಕೈನಡುಕ ಹೆಚ್ಚಿದರೆ, ನಡೆ ತೂರಾಡಿದರೆ, ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನು ಶಿವರಾತ್ರಿಯ ಜಾಗರಣೆ. ನಿದ್ರಾಭಂಗವು ಉನ್ಮಾದವನ್ನು ಎಬ್ಬಿಸಬಲ್ಲದೆಂಬುದು ವೈದ್ಯರು ಚೆನ್ನಾಗಿ ಬಲ್ಲ ವಿಷಯ. ದೇಹವನ್ನೇ ದೇಗುಲವೆಂದು ಕಂಡ ಧರ್ಮದಲ್ಲಿ, ಆ ದೇಗುಲಕ್ಕೆ ಬಿರುಕು ಬೀಳುವಂತೆ ಎಚ್ಚರವಿರುವುದು ಪೂಜೆಯಾಗಲಾರದು. ಅಂಥವರು ಸಂಜೆಯೇ ಲಿಂಗಪೂಜೆ ಮುಗಿಸಿ ಮಲಗಿದರೆ ವ್ರತಭಂಗವಾಯಿತೆಂದು ಯಾರೂ ಆಡಿಕೊಳ್ಳಬಾರದು.

ಔಷಧವನ್ನು ಬಿಟ್ಟುಬಿಡುವವರು ಮೊಂಡರೆಂದು ಸಂಗಾತಿಗಳು ಸಿಟ್ಟಾಗುವುದುಂಟು. ಕೈ ನಡುಗುತ್ತದೆ, ಮೈ ದಪ್ಪವಾಗುತ್ತದೆ, ಬುದ್ಧಿಗೆ ಮಂಕು ಕವಿದಂತಾಗುತ್ತದೆ ಎಂಬುದು ರೋಗಿಯ ದೂರು; ಅದು ಸುಳ್ಳಲ್ಲ. ಉನ್ಮಾದದ ಮೊದಲ ದಿನಗಳ ಆ ಉಲ್ಲಾಸವನ್ನು ಒಳಗೊಳಗೇ ಹಂಬಲಿಸುವವರೂ ಉಂಟು. ದೂರನ್ನು ಕೇಳಿ, ಜೊತೆಯಲ್ಲಿ ಹೋಗಿ ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನೋ ಔಷಧವನ್ನೋ ಬದಲಿಸಬಲ್ಲರು.

ಖಿನ್ನತೆಯ ಕಾಲದಲ್ಲಿ ಮಾತು ಕಡಿಮೆಯಿರುವುದೇ ಒಳ್ಳೆಯದು. ‘ಧೈರ್ಯ ತಂದುಕೋ, ವಚನ ಓದು, ಶಿವನಲ್ಲಿ ನಂಬಿಕೆಯಿಡು’ ಎಂಬ ಉಪದೇಶ ಆಗ ಕೇಳುವವನಿಗೆ ಆಪಾದನೆಯಂತೆ ತೋರುತ್ತದೆ. ಏಳಲಾರದವನಿಗೆ ಎದ್ದು ನಡೆಯೆಂದಂತೆ. ಬಳಿಯಲ್ಲಿ ಕೂರುವುದು, ಒಂದು ಲೋಟ ಗಂಜಿ ಕೊಡುವುದು, ಮುಖ ತೊಳೆಸಿ ವಿಭೂತಿಯನ್ನು ತಾನೇ ಹಚ್ಚುವುದು, ಇಷ್ಟು ಸಾಕು. ಆದರೆ ಒಂದನ್ನು ಮಾತ್ರ ಬಾಯಿಬಿಟ್ಟು ಕೇಳಬೇಕು: ಸಾಯಬೇಕೆನಿಸುತ್ತಿದೆಯೇ ಎಂದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಅಂಜಿಕೆ ನಿರಾಧಾರ. ಹೌದೆಂದರೆ ಒಬ್ಬರನ್ನೇ ಬಿಡದೆ, ಅಪಾಯದ ವಸ್ತುಗಳನ್ನು ದೂರವಿಟ್ಟು, ಅಂದೇ ವೈದ್ಯರ ಬಳಿಗೆ ಹೋಗಬೇಕು. ೨೦೨೨ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ೧೪೪೧೬ ಸಂಖ್ಯೆಗೆ ಕರೆಮಾಡಿ ಸಲಹೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ದೂರವಾದವರಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ.

ಸೇವೆಗೆ ಮೇರೆಯಿದೆಯೇ ಎಂಬ ಮಾತೂ ಬರುತ್ತದೆ. ಇದೆ. ಕೈಮಾಡುವ ಸಂಗಾತಿಯ ಎದುರಿನಿಂದ ಮಕ್ಕಳನ್ನು ಕರೆದುಕೊಂಡು ತವರಿಗೋ ನೆಂಟರ ಮನೆಗೋ ಹೋಗುವುದು ಧರ್ಮಲೋಪವಲ್ಲ. ರೋಗವು ನಿರಪರಾಧಿಯಾದರೂ ಪೆಟ್ಟು ಪೆಟ್ಟೇ. ಹಾಗೆಂದು ರೋಗದ ಹೆಸರು ಕಿವಿಗೆ ಬಿದ್ದೊಡನೆ ಹೆಂಡತಿಯನ್ನು ತವರಿಗಟ್ಟುವವರ ವರ್ತನೆಯನ್ನು ಇದರೊಡನೆ ಸಮಗಟ್ಟಬಾರದು. ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿರುವ ೧೯೫೫ರ ಹಿಂದೂ ವಿವಾಹ ಅಧಿನಿಯಮವು ಮನೋರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತದಾದರೂ, ರೋಗದ ಹೆಸರೊಂದೇ ಸಾಲದು, ಕೂಡಿ ಬಾಳಲಾಗದಷ್ಟು ಅದರ ತೀವ್ರತೆಯಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೮೮ರಲ್ಲಿ ತೀರ್ಪಿತ್ತಿದೆ. ಗಂಡಿಗೆ ರೋಗ ಬಂದರೆ ಹೆಣ್ಣಿಗೆ ಸಹನೆಯ ಬೋಧೆ, ಹೆಣ್ಣಿಗೆ ಬಂದರೆ ಗಂಡಿಗೆ ಮರುಮದುವೆಯ ಸಲಹೆ, ಇದು ಎಷ್ಟೋ ಮನೆಗಳಲ್ಲಿ ನಡೆಯುವ ನ್ಯಾಯ. ಸ್ತ್ರೀಪುರುಷಭೇದವನ್ನು ಅಳಿಸಿದೆವೆಂದು ಹೇಳಿಕೊಳ್ಳುವ ಸಮಾಜಕ್ಕೆ ಇದು ಶೋಭಿಸದು.

ಸಲಹುವವರನ್ನು ಸಲಹುವವರು ಯಾರು ಎಂಬುದು ಉಳಿದಿದೆ. ಆ ಜವಳಿ ಅಂಗಡಿಯ ಮನೆಯಾಕೆಗೂ ಕೊರಳಲ್ಲಿ ಲಿಂಗವಿದೆ, ಅವಳ ಕಾಯವೂ ಕಾಯವೇ. ಆರು ತಿಂಗಳು ಅರೆನಿದ್ರೆಯಲ್ಲಿ ಕಳೆದು, ನೆಂಟರ ಮದುವೆಗೆ ಹೋಗದೆ, ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿರುವುದು ಅವಳಿಗೇ ಖಿನ್ನತೆ ತರಬಲ್ಲದು. ಇಂಥ ಮನೆಗೆ ನೆರೆಯವರು ಮಾಡಬಹುದಾದ ದಾಸೋಹ ಪ್ರಸಾದದ ತಟ್ಟೆಯಷ್ಟೇ ಅಲ್ಲ. ವಾರಕ್ಕೊಮ್ಮೆ ಒಂದು ಹಗಲು ಅವನ ಬಳಿ ಕುಳಿತು, ‘ನಮ್ಮವ್ವಾ, ನೀನು ಹೋಗಿ ಮಲಗು’ ಎನ್ನಬಹುದು. ಅಂಗಡಿಯ ಬಾಕಿ ವಸೂಲಿಗೆ ಒಬ್ಬರು ಓಡಾಡಬಹುದು. ಅವನು ಗುಣವಾಗಿ ಮತ್ತೆ ಗದ್ದುಗೆಯ ಮೇಲೆ ಕುಳಿತ ದಿನ ‘ಏನಾಗಿತ್ತು ನಿಮಗೆ?’ ಎಂದು ಕೆದಕದೆ, ಎರಡು ಗಜ ಬಟ್ಟೆ ಹರಿಸಿಕೊಂಡು, ಚಿಲ್ಲರೆ ಎಣಿಸಿಕೊಂಡು ಬರಬಹುದು.